ಬಗ್ಗುವ ರೆಕ್ಕೆಯ ಮಳೆಗಾಲ

ಬೈಕಂಪಾಡಿಯ ಆ ಶೆಡ್ಡಿಗೆ ನಾನು ಮೂರು ವರ್ಷದಿಂದ ಹೋಗಿರಲಿಲ್ಲ. ಕಳೆದ ಶನಿವಾರ ಅಪ್ಪನ ಹೋಟೆಲಿಗೆ ಫೋನ್ ಬಂತು. ಶೆಡ್ಡಿನ ಯಜಮಾನರಾದ ಲೂವಿಸ್ ಪೊರ್ಬುಗಳು ಜಾಗ ಖಾಲಿ ಮಾಡುತ್ತಿದ್ದಾರಂತೆ. "ನಿಮ್ಮ ಮಗಳದ್ದು ಒಂದು ಸಾಮಾನು ಇಲ್ಲಿ ಉಂಟು, ಕೊಂಡು ಹೋಗ್ಲಿಕ್ಕೆ ಹೇಳಿ" ಎಂದರಂತೆ. ಎಂತ ಸಾಮಾನು ಎಂದು ಅಪ್ಪನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಆಟೋದಿಂದ ಇಳಿಯುವ ಮೊದಲೇ ವಾಸನೆ ಬಂತು. ಫೈಬರ್ ಗ್ಲಾಸಿಗೆ ಹಚ್ಚುವ ರೆಸಿನ್ನಿನ ವಾಸನೆ. ಹಸಿ ಪೈಂಟಿನ ಹಾಗೆ, ಆದರೆ ಸ್ವಲ್ಪ ಸಿಹಿ, ಗಂಟಲಿನ ಹಿಂದೆ ಹೋಗಿ ಕೂರುವಂಥದ್ದು. ೧೯೮೪ರ ಮಳೆಗಾಲವಿಡೀ ನನ್ನ ಸೀರೆಗಳಿಗೆ ಈ ವಾಸನೆಯಿತ್ತು. ಅಮ್ಮ ನನ್ನ ಬಟ್ಟೆಯನ್ನು ಬೇರೆಯೇ ಬಕೆಟಿನಲ್ಲಿ ನೆನೆಸುತ್ತಿದ್ದರು. "ನೀನು ಕಾಲೇಜಿಗೆ ಹೋಗುದಾ, ಪೈಂಟಿನ ಕೆಲಸಕ್ಕೆ ಹೋಗುದಾ?" ಎಂದು ಕೇಳುತ್ತಿದ್ದರು.

ಆಗ ನನಗೆ ಇಪ್ಪತ್ತನಾಲ್ಕು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಮಣ್ಣಗುಡ್ಡದ ಮನೆಯಲ್ಲಿ ಕೂತಿದ್ದವಳಿಗೆ, ಕಡಲ ಬದಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿನಲ್ಲಿ ಲೆಕ್ಕ ಮಾಡುವ ಕೆಲಸ ಸಿಕ್ಕಿತು. ಮೀನು ಹಿಡಿಯುವ ಟ್ರಾಲ್ ಬೋಟಿಗೆ ಕಂಚಿನ ಪ್ರೊಪೆಲ್ಲರಿನ ಬದಲು ಫೈಬರಿನದ್ದು ಮಾಡಬಹುದೇ ಎಂದು ನೋಡುವ ಪ್ರಾಜೆಕ್ಟು. ಫೈಬರೇ ಯಾಕೆಂದರೆ ಅದು ಬಗ್ಗುತ್ತದೆ. ಬೋಟು ಖಾಲಿ ಓಡುವಾಗ ಪ್ರೊಪೆಲ್ಲರಿನ ರೆಕ್ಕೆಗೆ ಒಂದು ಓರೆ ಬೇಕು, ಬಲೆ ಎಳೆಯುವಾಗ ಇನ್ನೊಂದು. ಕಂಚಿನ ರೆಕ್ಕೆಗೆ ಇರುವುದು ಒಂದೇ ಆಕಾರ. ಆದರೆ ಫೈಬರಿನ ಎಳೆಗಳನ್ನು ಸರಿಯಾದ ಓರೆಯಲ್ಲಿ ಹಾಸಿದರೆ, ನೀರಿನ ಒತ್ತಡ ಹೆಚ್ಚಿದಾಗ ರೆಕ್ಕೆ ತಾನಾಗಿಯೇ ಸ್ವಲ್ಪ ತಿರುಚಿಕೊಂಡು ನೀರಿಗೆ ದಾರಿ ಬಿಡುತ್ತದೆ. ಇಂಜಿನ್ನಿಗೆ ಉಸಿರಾಡಲಿಕ್ಕೆ ಆಗುತ್ತದೆ.

ಹೇಳಲಿಕ್ಕೆ ಇಷ್ಟೇ. ಲೆಕ್ಕ ಮಾಡಲಿಕ್ಕೆ ಕೂತರೆ ತುದಿಯೇ ಸಿಗುತ್ತಿರಲಿಲ್ಲ. ನೀರು ರೆಕ್ಕೆಯನ್ನು ಬಗ್ಗಿಸುತ್ತದೆ. ಬಗ್ಗಿದ ರೆಕ್ಕೆಗೆ ನೀರು ಬೇರೆ ರೀತಿ ತಾಗುತ್ತದೆ. ಬೇರೆ ರೀತಿ ತಾಗಿದ್ದರಿಂದ ಅದು ಬೇರೆ ರೀತಿ ಬಗ್ಗುತ್ತದೆ. ಯಾವುದು ಮೊದಲು ಎಂದು ಕೇಳುವ ಹಾಗಿಲ್ಲ. ಪ್ರೊಫೆಸರರು ಅದನ್ನು ಎರಡು ಭಾಗ ಮಾಡಿದರು. ನೀರಿನ ಲೆಕ್ಕ ನನಗೆ, ರೆಕ್ಕೆಯ ಲೆಕ್ಕ ದಿವಾಕರನಿಗೆ.

ದಿವಾಕರ ಬೆಂಗ್ರೆಯವನು, ಎಂ.ಟೆಕ್. ಮುಗಿಸಿದ್ದ. ಅವನ ಅಜ್ಜನ ಕಾಲದವರೆಗೆ ಬೇಸಾಯದ ಮನೆ. ಈಗ ಅಣ್ಣ ಗಂಗಾಧರನಿಗೆ ಒಂದು ಟ್ರಾಲ್ ಬೋಟು ಇತ್ತು. ಎದುರಿಗೆ ನಾವು 'ನೀವು' ಎಂದೇ ಮಾತಾಡಿದ್ದು. ಡೈರಿ ಬರೆಯುವಾಗ ಮಾತ್ರ ನನಗೆ ಅವನು 'ಅವನು'.

ಕಾಲೇಜಿನ ಕಂಪ್ಯೂಟರು ಒಂದು ಕೋಣೆಯ ತುಂಬ ಇತ್ತು. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಬೆಳಿಗ್ಗೆ ಕಿಟಕಿಯಲ್ಲಿ ಕೊಟ್ಟರೆ ಉತ್ತರದ ಕಾಗದ ಮರುದಿನ ಸಿಗುತ್ತಿತ್ತು. ಹಾಗಾಗಿ ನಮ್ಮದು ದಿನ ಬಿಟ್ಟು ದಿನದ ವ್ಯವಹಾರ. ಸೋಮವಾರ ನಾನು ಒತ್ತಡ ಹೇಳಿದರೆ ಮಂಗಳವಾರ ಅವನ ರೆಕ್ಕೆ ಬಗ್ಗುತ್ತಿತ್ತು. ಬಗ್ಗಿದ ಆಕಾರವನ್ನು ಹಿಡಿದು ಬುಧವಾರ ನಾನು ಪುನಃ ನೀರಿಗೆ ಇಳಿಯುತ್ತಿದ್ದೆ. ಕೊಡೆ ಮಡಚಿಕೊಂಡು ಬಾಗಿಲಲ್ಲಿ ನಿಂತು ಅವನು ಕೇಳುತ್ತಿದ್ದ:

"ನೀರಿನ ಡಿಪಾರ್ಟ್‌ಮೆಂಟ್ ಇವತ್ತು ಎಂತ ಹೇಳ್ತದೆ?"

"ರೆಕ್ಕೆಯ ಡಿಪಾರ್ಟ್‌ಮೆಂಟ್ ಸ್ವಲ್ಪ ಗಟ್ಟಿ ನಿಲ್ಬೇಕಂತೆ."

"ಅದು ಆಗುದಿಲ್ಲ ಮಾರಾಯ್ರೆ. ಬಗ್ಗಲಿಕ್ಕೇ ಸಂಬಳ ಕೊಡುದು ನನಗೆ."

ಜೂನ್ ಹನ್ನೆರಡು, ಮಂಗಳವಾರ ಎಂದು ಡೈರಿಯಲ್ಲಿ ಇದೆ. ಅಲ್ಲಿಯವರೆಗೆ ಲೆಕ್ಕ ಕೂರುತ್ತಲೇ ಇರಲಿಲ್ಲ. ಒಂದು ಸುತ್ತಿನಲ್ಲಿ ರೆಕ್ಕೆ ತೀರ ಹೆಚ್ಚು ಬಗ್ಗುವುದು, ಮುಂದಿನ ಸುತ್ತಿನಲ್ಲಿ ತೀರ ಕಡಿಮೆ. ಜೋಕಾಲಿಯ ಹಾಗೆ. ಅವನು ನನ್ನ ಕಾಗದಗಳನ್ನು ನೆಲದಲ್ಲಿ ಸಾಲಾಗಿ ಹರಡಿ ಕುಕ್ಕುರುಗಾಲಿನಲ್ಲಿ ಕೂತು ತುಂಬ ಹೊತ್ತು ನೋಡಿದ.

"ನಾನು ಹೇಳಿದ್ದನ್ನೆಲ್ಲ ನೀವು ಪೂರ್ತಿ ನಂಬ್ತೀರಿ. ಅದೇ ತೊಂದರೆ," ಎಂದ. "ಅರ್ಧ ನಂಬಿ."

"ಉಳಿದ ಅರ್ಧಕ್ಕೆ?"

"ನಿನ್ನೆಯದ್ದು ಇಟ್ಕೊಳ್ಳಿ."

ಹಾಗೆಯೇ ಮಾಡಿದೆವು. ಪ್ರತಿ ಸುತ್ತಿನಲ್ಲೂ ಹೊಸ ಆಕಾರದ ಅರ್ಧ, ಹಳೆಯದರ ಅರ್ಧ. ಜೋಕಾಲಿಯ ತೂಗಾಟ ಸಣ್ಣದಾಗುತ್ತ ಬಂತು. ಜೂನ್ ಮುಗಿಯುವಾಗ ಒಂದು ದಿನ ಅವನ ಅಂಕಿ ಮತ್ತು ನನ್ನ ಅಂಕಿ ಪಕ್ಕಪಕ್ಕದಲ್ಲಿ ಕೂತವು, ಕದಲಲಿಲ್ಲ. ಅವತ್ತಿನ ಪುಟದಲ್ಲಿ ನಾನು ಬರೆದದ್ದು ಒಂದೇ ಶಬ್ದ: 'ನಿಂತಿತು.' ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತ ಅವನು ಮೊದಲ ಸಲ ದುಬೈಯ ವಿಷಯ ಹೇಳಿದ.

ಅವನ ಭಾವ ಅಲ್ಲಿಯ ಹಡಗು ರಿಪೇರಿಯ ಯಾರ್ಡಿನಲ್ಲಿ ಕೆಲಸ ನೋಡಿದ್ದರು. ವೀಸಾ ಕಳಿಸಲಿಕ್ಕೆ ತಯಾರಿದ್ದರು. ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ರೆಕ್ಕೆ ಬೋಟಿನಲ್ಲಿ ಓಡಿ ತೋರಿಸಿದರೆ ಪ್ರಾಜೆಕ್ಟು ಮುಂದುವರಿಯುತ್ತದೆ, ನಿನಗೆ ಇಲ್ಲೇ ಒಂದು ಹುದ್ದೆ ಮಾಡಿಸುತ್ತೇನೆ ಎಂದು ಪ್ರೊಫೆಸರರು ಮಾತು ಕೊಟ್ಟಿದ್ದರು.

"ಓಡಿದ್ರೆ ನಾನು ಇಲ್ಲಿ. ಓಡದಿದ್ರೆ ಅಲ್ಲಿ," ಎಂದ. ಎಂದವನು ನನ್ನ ಮುಖ ನೋಡಿದ. ನಾನು ಚಟ್ನಿಯನ್ನು ನೋಡಿದೆ. ನನ್ನ ಮುಖದಲ್ಲಿ ಏನು ಬರೆದಿತ್ತೋ, ಅವನಿಗೆ ಓದಲಿಕ್ಕೆ ಕಷ್ಟವಾಗಿರಲಿಕ್ಕಿಲ್ಲ. ಕೊನೆಯ ಗೋಳಿಬಜೆಯನ್ನು ಎರಡು ಮಾಡಿ ಅರ್ಧವನ್ನು ನನ್ನ ಪ್ಲೇಟಿಗೆ ಹಾಕಿದ.

ಜುಲೈಯಿಡೀ ಬೈಕಂಪಾಡಿ. ರೆಕ್ಕೆ ಮಾಡುವುದು ಲೂವಿಸ್ ಪೊರ್ಬುಗಳ ಶೆಡ್ಡಿನಲ್ಲಿ. ಅವರದು ನೀರಿನ ಟ್ಯಾಂಕಿ, ಸಣ್ಣ ದೋಣಿ ಮಾಡುವ ಕಸುಬು. ಹೊರಗೆ ಜಡಿಮಳೆ, ರೆಸಿನ್ ಗಟ್ಟಿಯಾಗುವುದೇ ಇಲ್ಲ. ತಂತಿಯಲ್ಲಿ ಬಲ್ಬುಗಳನ್ನು ಇಳಿಬಿಟ್ಟು ಕಾಯಿಸಿದೆವು. "ಈ ಮಳೆಗೆ ನನ್ನ ಅಂಗಿಯೇ ಒಣಗುದಿಲ್ಲ, ನಿಮ್ಮ ಫ್ಯಾನು ಒಣಗ್ತದಾ?" ಎಂದು ಪೊರ್ಬುಗಳು ನಗುತ್ತಿದ್ದರು. ಅವರಿಗೆ ಪ್ರೊಪೆಲ್ಲರೆಂದರೆ ಫ್ಯಾನು. ಮೊದಲು ದಿವಾಕರ ಮರದ ಮಾದರಿಯ ಮೇಲೆ ಗಾಜಿನ ಎಳೆಗಳ ಬಟ್ಟೆ ಹಾಸಿ, ರೆಸಿನ್ ಹಚ್ಚಿ ಒಂದು ಅಭ್ಯಾಸದ ರೆಕ್ಕೆ ಮಾಡಿದ. ಒತ್ತಿ ನೋಡಿದರೆ ಲೆಕ್ಕ ಹೇಳಿದ ಹಾಗೆಯೇ ತಿರುಚಿತು. ಆದರೆ ಅದರ ಹೊರಮೈ ಒರಟು, ನೀರಿಗೆ ಆಗುವುದಿಲ್ಲ. ಹಾಗಾಗಿ ಅದೇ ಮಾದರಿಯಿಂದ ಬಟ್ಟಲಿನ ಹಾಗೆ ಒಳಗು ಇರುವ ಒಂದು ಅಚ್ಚು ತೆಗೆದು, ನಿಜವಾದ ಮೂರು ರೆಕ್ಕೆಗಳನ್ನು ಅದರೊಳಗೆ ಹಾಸಿದ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಮೊಣಕೈವರೆಗೆ ರೆಸಿನ್, ಕೂದಲಲ್ಲಿ ಗಾಜಿನ ಹುಡಿ. ಮೈ ತುರಿಸಿದರೂ ಕೆರೆದುಕೊಳ್ಳುವ ಹಾಗಿಲ್ಲ. ನನ್ನ ಹತ್ತಿರ ಸ್ಕೇಲಿನಿಂದ ಬೆನ್ನು ಕೆರೆಯಲು ಹೇಳಿದ. ಕೆರೆದೆ. ಪೊರ್ಬುಗಳು ಆಚೆ ತಿರುಗಿ ಒಂದು ಹಾಡು ಗುನುಗಿದರು.

ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗಸ್ಟಿನ ಸಮುದ್ರಪೂಜೆಯ ದಿನ ಹಾಲು, ತೆಂಗಿನಕಾಯಿ ಬಿಟ್ಟ ಮೇಲೆಯೇ ಹೊರಡುವುದು. ಗಂಗಾಧರಣ್ಣ ತಮ್ಮ ಬೋಟನ್ನು ಅದಕ್ಕೆ ಹತ್ತು ದಿನ ಮೊದಲು ನಮಗೆ ಕೊಟ್ಟರು. ರೆಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು.

"ಇದೆಂತ, ಮಕ್ಕಳ ಆಟದ ಸಾಮಾನಾ?"

"ನೋಡು ಅಣ್ಣ, ಕಂಚಿನದ್ದು ಇನ್ನು ನಿನಗೆ ಬೇಡ ಆಗ್ತದೆ."

"ಬೇಡ ಆಗ್ಲಿ. ನನ್ನ ಗೇರ್‌ಬಾಕ್ಸ್ ಒಂದು ಬೇಕು ನನಗೆ, ಅಷ್ಟೇ," ಎಂದು ನಕ್ಕರು.

ಬೋಟನ್ನು ಬಂದರಿನ ದಕ್ಕೆಯ ಕಂಬಕ್ಕೆ ದಪ್ಪ ಹಗ್ಗದಿಂದ ಕಟ್ಟಿ ಮುಂದಕ್ಕೆ ಎಳೆಸಿದೆವು. ಬಲೆ ಎಳೆಯುವ ಭಾರ ಹಾಗೆ ಸಿಗುತ್ತದೆ. ನಾನು ದಕ್ಕೆಯ ಮೇಲೆ ಗಡಿಯಾರ ಹಿಡಿದು ನಿಂತಿದ್ದೆ. ಹಗ್ಗ ಬಿಗಿಯಿತು. ಇನ್ನೇನು ರೆಕ್ಕೆ ತಿರುಚಿ ನೀರಿಗೆ ದಾರಿ ಬಿಡಬೇಕು, ಇಂಜಿನ್ನಿನ ಸ್ವರ ತೆಳ್ಳಗಾಗಬೇಕು. ಅದು ದಪ್ಪವಾಯಿತು. ಕೊಳವೆಯಿಂದ ಕಪ್ಪು ಹೊಗೆ ಎದ್ದಿತು.

"ನಿಲ್ಲಿಸ್ತೇನೆ ಮಾರಾಯ!" ಎಂದು ಗಂಗಾಧರಣ್ಣ ಕೂಗಿದರು.

"ಒಂದು ನಿಮಿಷ ಅಣ್ಣ! ಒಂದೇ ನಿಮಿಷ, ಈಗ ಬಿಡ್ತದೆ!"

ತಮ್ಮ ಹೇಳಿದನೆಂದು ಅವರು ಕೈ ತಡೆದರು. ಹೊಗೆ ಇನ್ನೂ ಕಪ್ಪಾಯಿತು. ಆಮೇಲೆ ಬೋಟಿನ ಹೊಟ್ಟೆಯೊಳಗೆ ತೆಂಗಿನಕಾಯಿ ಒಡೆದಂತೆ ಒಂದು ಶಬ್ದ, ಕೂಡಲೇ ಇನ್ನೊಂದು. ಹಗ್ಗ ಸಡಿಲವಾಯಿತು. ಮೇಲೆತ್ತಿ ನೋಡಿದಾಗ ಒಂದು ರೆಕ್ಕೆ ಬುಡದಲ್ಲಿ ಮುರಿದು ಎಳೆಗಳಲ್ಲಿ ನೇತಾಡುತ್ತಿತ್ತು. ಗೇರ್‌ಬಾಕ್ಸಿನ ಹಲ್ಲುಗಳು ಉದುರಿದ್ದವು.

ಗಂಗಾಧರಣ್ಣ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇಂಜಿನ್ನಿನ ಮುಚ್ಚಳ ತೆಗೆದು ಒಳಗೆ ನೋಡಿದರು, ಕೈ ಒರಸಿಕೊಂಡರು, "ಹತ್ತು ದಿನ ಉಂಟು ಪೂಜೆಗೆ," ಎಂದರು. ಅಷ್ಟರೊಳಗೆ ಸಾಮಾನು ಸಿಗಲಿಲ್ಲ. ಬೊಂಬಾಯಿಯಿಂದ ಬರಬೇಕಿತ್ತು. ಪೂಜೆಯ ದಿನ ಬಂದರಿನ ಬೋಟುಗಳೆಲ್ಲ ಬಾವುಟ ಕಟ್ಟಿಕೊಂಡು ಸಾಲಾಗಿ ಅಳಿವೆ ದಾಟಿದವು. ಗಂಗಾಧರಣ್ಣನೂ ಹಾಲು ಬಿಟ್ಟರು, ಎಲ್ಲರಿಗೂ ಕೈ ಮಾಡಿದರು. ಆಮೇಲೆ ಹೋಗಿ ಕಟ್ಟಿ ಹಾಕಿದ್ದ ತಮ್ಮ ಬೋಟಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಮಳೆ ಬಿಟ್ಟ ಮೇಲಿನ ಮೊದಲ ವಾರಗಳಲ್ಲೇ ಮೀನು ಹೆಚ್ಚು. ಆ ವಾರಗಳು ಅವರಿಗೆ ಹಾಗೆಯೇ ಹೋದವು.

ದಿವಾಕರ ಕಾಲೇಜಿಗೆ ಬರುವುದನ್ನು ಬಿಟ್ಟ. ಪ್ರೊಫೆಸರರು ಪ್ರಾಜೆಕ್ಟನ್ನು ಮುಚ್ಚುವ ವರದಿ ಬರೆಯಲು ನನಗೆ ಹೇಳಿದರು. ನನಗೆ ಬರೆಯಲಾಗಲಿಲ್ಲ. ನಿಂತ ಲೆಕ್ಕ ನೀರಿನಲ್ಲಿ ಯಾಕೆ ನಿಲ್ಲಲಿಲ್ಲ? ಒಂದೊಂದೇ ಅಂಕಿಯನ್ನು ತಿರುವಿ ನೋಡುತ್ತ, ಒಂದು ದಿನ ಎಳೆಗಳ ಓರೆಯ ಮುಂದಿನ ಗುರುತನ್ನು ಕೂಡಿಸುವುದರಿಂದ ಕಳೆಯುವುದಕ್ಕೆ ಬದಲಿಸಿ, ನೀರಿನದ್ದು, ರೆಕ್ಕೆಯದ್ದು ಎರಡೂ ಪೆಟ್ಟಿಗೆಯ ಕಾರ್ಡುಗಳನ್ನು ನಾನೇ ಕಿಟಕಿಯಲ್ಲಿ ಕೊಟ್ಟೆ. ಎಳೆಗಳು ಎದುರು ದಿಕ್ಕಿಗೆ ಓರೆಯಾಗಿದ್ದರೆ ಎಂತ ಆಗುತ್ತದೆ ಎಂದು ನೋಡಲಿಕ್ಕೆ. ಪ್ರತಿ ಸುತ್ತಿಗೂ ರೆಕ್ಕೆ ನೀರಿಗೆ ದಾರಿ ಬಿಡುವ ಬದಲು ಇನ್ನಷ್ಟು ಕಚ್ಚಿ ಹಿಡಿಯುತ್ತ ಹೋಯಿತು. ಅರ್ಧ ನಂಬಿದರೂ ನಿಲ್ಲಲಿಲ್ಲ. ಕೊನೆಗೆ ಬಂದ ಕಾಗದದಲ್ಲಿ ಅಂಕಿಗಳೇ ಇರಲಿಲ್ಲ. ಜಾಗಕ್ಕೆ ಹಿಡಿಸದಷ್ಟು ದೊಡ್ಡ ಸಂಖ್ಯೆ ಬಂದರೆ ಆ ಯಂತ್ರ ಅದರ ಬದಲಿಗೆ ನಕ್ಷತ್ರಗಳನ್ನು ಅಚ್ಚು ಹಾಕುತ್ತಿತ್ತು. ಪುಟದ ಉದ್ದಕ್ಕೂ ನಕ್ಷತ್ರ.

ಮುರಿದ ರೆಕ್ಕೆ ನನ್ನ ಮೇಜಿನ ಕೆಳಗಿತ್ತು. ಅದರ ಒಂದು ತುಂಡನ್ನು ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದೆ. ರೆಸಿನ್ ಸುಟ್ಟು ಹೋಗುತ್ತದೆ, ಗಾಜು ಸುಡುವುದಿಲ್ಲ.

"ಎಂತ ಮಗಾ ಇದು, ಟಯರ್ ಸುಡ್ತಿದ್ದಿಯಾ?" ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

"ಒಂದು ಲೆಕ್ಕ ನೋಡ್ಲಿಕ್ಕೆ."

ಅವರು ಒಲೆಯೊಳಗೆ ಇಣುಕಿ ನೋಡಿದರು. "ಆ ಬೆಂಗ್ರೆಯ ಹುಡುಗನ ಲೆಕ್ಕವಾ? ಅವರು ಯಾರ ಪೈಕಿ?"

ನಾನು ಕಡ್ಡಿಯಿಂದ ಬೆಂಕಿ ಮುಂದೆ ತಳ್ಳಿದೆ. ಅವರು ಮತ್ತೆ ಕೇಳಲಿಲ್ಲ. ಕಣ್ಣಿಗೆ ಹೊಗೆ ಹೋಗಬಾರದೆಂದು ನನಗೆ ಒಂದು ಮಣೆ ತಂದು ಕೊಟ್ಟರು.

ಬೂದಿ ಕೆದಕಿದಾಗ ಗಾಜಿನ ಬಟ್ಟೆ ಬೆಳ್ಳಗೆ, ಮಡಿಕೆ ಮಡಿಕೆಯಾಗಿ ಉಳಿದಿತ್ತು. ಎಳೆಗಳ ದಿಕ್ಕು ಸ್ಪಷ್ಟವಾಗಿ ಕಾಣುತ್ತಿತ್ತು. ತಿರುಗಿತ್ತು. ಮರದ ಮಾದರಿಯ ಮೇಲೆ ಹಾಸುವಾಗ ನಾವು ಹೊರಗಿನಿಂದ ನೋಡುತ್ತೇವೆ. ಅಚ್ಚಿನ ಒಳಗೆ ಹಾಸುವಾಗ ಒಳಗಿನಿಂದ. ಅಂಗಡಿಯ ಗಾಜಿನ ಮೇಲೆ ಬರೆದ ಹೆಸರನ್ನು ಒಳಗೆ ಕೂತು ಓದಿದ ಹಾಗೆ. ದಿವಾಕರ ಅದೇ ಮೇಜಿನ ಅದೇ ಬದಿಯಲ್ಲಿ ನಿಂತು, ಅದೇ ಕೈಯಿಂದ, ಅಭ್ಯಾಸದ ರೆಕ್ಕೆಗೆ ಹಾಸಿದ ದಿಕ್ಕಿನಲ್ಲೇ ಬಟ್ಟೆ ಹಾಸಿದ್ದ. ಅಷ್ಟು ಜಾಗ್ರತೆಯಿಂದ.

ಮರುದಿನ ಫೆರಿ ಬೋಟಿನಲ್ಲಿ ಹೊಳೆ ದಾಟಿ ಬೆಂಗ್ರೆಗೆ ಹೋದೆ. ಆ ಸುಟ್ಟ ಬಟ್ಟೆ ಪೇಪರಿನಲ್ಲಿ ಸುತ್ತಿ ಕೈಯಲ್ಲಿತ್ತು. ಓಡುತ್ತಿದ್ದೆ ಎಂದೇ ಹೇಳಬೇಕು. ಅವನ ಲೆಕ್ಕ ಸರಿ ಇತ್ತು, ಅದನ್ನು ಅವನಿಗೆ ಹೇಳಿದರೆ ಎಲ್ಲವೂ ಸರಿಯಾಗುತ್ತದೆ ಎಂದು ನಂಬಿದ್ದೆ.

ಅವನು ಅಂಗಳದಲ್ಲಿ ಅಣ್ಣನ ಬಲೆ ಬಿಡಿಸುತ್ತಿದ್ದ. ಪೇಪರು ಬಿಚ್ಚಿ ತೋರಿಸಿದೆ.

"ಗೊತ್ತುಂಟು," ಎಂದ. "ಹೊಗೆ ಇನ್ನೂ ಕಪ್ಪಾದಾಗಲೇ ಗೊತ್ತಾಯ್ತು. ಆದ್ರೆ ಅಷ್ಟು ಹೊತ್ತಿಗೆ ನಾನು ನಿಮಿಷ ಕೇಳಿ ಆಗಿತ್ತು."

"ಹಾಗಾದ್ರೆ ಇನ್ನೊಂದು ಮಾಡುವ. ಅಚ್ಚು ಉಂಟಲ್ಲ. ಪ್ರೊಫೆಸರರಿಗೆ ನಾನು ಹೇಳ್ತೇನೆ."

"ಯಾರ ಬೋಟಿಗೆ ಹಾಕುದು?"

ನಾನು ಪೇಪರನ್ನು ಪುನಃ ಮಡಚಿದೆ. ಅಂಗಳದ ಆಚೆ ಗಂಗಾಧರಣ್ಣನ ಮಗು ಒಂದು ಚಿಪ್ಪಿನಲ್ಲಿ ಮರಳು ತುಂಬುತ್ತಿತ್ತು.

"ವೀಸಾ ಬಂದಿದೆ. ಬರುವ ಗುರುವಾರ ಬೊಂಬಾಯಿ ಬಸ್ಸಿಗೆ ಹೋಗ್ತೇನೆ," ಎಂದ.

"ಹೋಗ್ಬೇಡಿ."

"ರೆಕ್ಕೆಗೋಸ್ಕರವಾ?"

"ಅಲ್ಲ."

ಅವನ ಕೈ ಬಲೆಯಲ್ಲೇ ನಿಂತಿತು. "ಸುಮತಿ," ಎಂದ. ಅದುವರೆಗೆ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಅವತ್ತು ಅಣ್ಣ ನಿಲ್ಲಿಸ್ತೇನೆ ಅಂದಾಗ ಒಂದು ನಿಮಿಷ ಕೇಳಿದೆನಲ್ಲ. ಅದೂ ರೆಕ್ಕೆಗೋಸ್ಕರ ಅಲ್ಲ. ಆ ನಿಮಿಷಕ್ಕೆ ಅಣ್ಣನ ಈ ವರ್ಷ ಹೋಯ್ತು. ಇನ್ನು ನಾನು ಇಲ್ಲಿ ಹೇಗೆ ನಿಲ್ಲುದು, ನೀವೇ ಹೇಳಿ."

ಅವನ ಅಮ್ಮ ಎಳನೀರಿನ ಬೊಂಡ ಕೆತ್ತಿ ತಂದರು. "ಮಂಗಳೂರಿನಿಂದ ಬಂದದ್ದಾ ಮಗಳೇ? ಕುಡಿ, ಕುಡಿ, ಬಿಸಿಲಿಗೆ ಮುಖ ಕೆಂಪಾಗಿದೆ," ಎಂದರು. ಕುಡಿದೆ. ಅವತ್ತು ಬಿಸಿಲು ಇರಲಿಲ್ಲ.

ಗುರುವಾರ ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಪ್ರಾಜೆಕ್ಟಿನ ವರದಿ ಬರೆಯುತ್ತಿದ್ದೆ. ಬರೆದು ಮುಗಿಸಿದೆ. ಅದರಲ್ಲಿ ತಪ್ಪು ಯಾರದೆಂದು ಎಲ್ಲೂ ಇಲ್ಲ.

ಮೊದಲ ವರ್ಷ ದುಬೈಯಿಂದ ಕಾಗದಗಳು ಬಂದವು. ಅಲ್ಲಿಯ ಹಡಗುಗಳ ಪ್ರೊಪೆಲ್ಲರುಗಳು ಮನೆಯಷ್ಟು ಎತ್ತರ, ಎಲ್ಲ ಕಂಚು, ಒಂದೂ ಬಗ್ಗುವುದಿಲ್ಲ ಎಂದು ಬರೆದಿದ್ದ. ಎರಡನೆಯ ವರ್ಷ ಎರಡು ಬಂದವು. ಕಳೆದ ಮೇ ತಿಂಗಳಲ್ಲಿ ಅವನ ಮದುವೆಯಾಯಿತು. ಹೋಗಿದ್ದೆ. ಅವನು ದಪ್ಪಗಾಗಿದ್ದ, ಗಂಗಾಧರಣ್ಣ ಹೊಸ ಅಂಗಿಯಲ್ಲಿ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದರು, ಅವರ ಬೋಟಿನ ಜೊತೆಗೆ ಇನ್ನೊಂದು ಬೋಟು ಬಂದಿತ್ತು. ನಾನು ವೇದಿಕೆ ಹತ್ತಿದಾಗ ದಿವಾಕರ ಹೆಂಡತಿಗೆ ಪರಿಚಯ ಮಾಡಿಸಿದ. "ಇವರು ನೀರಿನ ಡಿಪಾರ್ಟ್‌ಮೆಂಟ್." ಆಕೆ ಒಳ್ಳೆಯ ಹುಡುಗಿ. "ಓ, ಮುನ್ಸಿಪಾಲಿಟಿಯಲ್ಲಿ ಕೆಲಸವಾ?" ಎಂದಳು. ಮೂವರೂ ನಕ್ಕೆವು.

ಫೋನ್ ಬಂದ ಶನಿವಾರವೇ ನಾನು ಹೋದಾಗ ಲೂವಿಸ್ ಪೊರ್ಬುಗಳು ಶೆಡ್ಡಿನ ಬಾಗಿಲಲ್ಲೇ ಇದ್ದರು. ಕೂದಲು ಬೆಳ್ಳಗಾಗಿತ್ತು. "ಎಂತ, ಟೀಚರ್ ಆಗಿದ್ದೀರಂತೆ? ಒಳ್ಳೆದಾಯ್ತು, ಒಳ್ಳೆದಾಯ್ತು. ನಿಮ್ಮದು ಹಿಂದೆ ಉಂಟು, ಬನ್ನಿ."

ಶೆಡ್ಡಿನ ಹಿಂದೆ ಸೋರುವ ಮಾಡಿನ ಕೆಳಗೆ ಅಚ್ಚು ಅಂಗಾತ ಬಿದ್ದಿತ್ತು. ರಾತ್ರಿಯ ಮಳೆಯ ನೀರು ಅದರಲ್ಲಿ ಅಂಚಿನವರೆಗೆ ತುಂಬಿತ್ತು. ಬುಡದಲ್ಲಿ ಕಿರಿದಾಗಿ, ನಡುವೆ ಅಗಲವಾಗಿ, ತುದಿಯಲ್ಲಿ ಓರೆಯಾಗಿ ತಿರುಗಿ. ನೀರೇ ಒಂದು ರೆಕ್ಕೆಯಾಗಿ ಕೂತ ಹಾಗೆ. ಅದರ ಅಡಿಯಲ್ಲಿ ಅಚ್ಚಿನ ಮೈ ಮೇಲೆ ಏನೋ ಗೀರು ಕಾಣಿಸಿತು. ಬಗ್ಗಿ ನೋಡಿದೆ. ಮೊಳೆಯಿಂದ ಕೊರೆದ ಒಂದು ಬಾಣ. ಎಳೆಗಳು ಯಾವ ಕಡೆಗೆ ಹೋಗಬೇಕಿತ್ತೋ ಆ ಕಡೆಗೆ. ಪಕ್ಕದಲ್ಲಿ, ಬುಡದ ಅಂಚಿಗೆ, ಅವನ ಅಕ್ಷರ: 'ಇಲ್ಲಿ ನಿಂತು ನೋಡುವಾಗ ಹೀಗೆ.'

"ಇದು ಯಾವಾಗ ಬರೆದದ್ದು?"

"ಬೊಂಬಾಯಿಗೆ ಹೋಗುವ ಹಿಂದಿನ ದಿನ ಬಂದಿದ್ರು ಅಲ್ಲ," ಎಂದರು ಪೊರ್ಬುಗಳು. "ತುಂಬ ಹೊತ್ತು ಕೂತಿದ್ರು. ಮೇಡಂ ಇನ್ನೊಂದು ಮಾಡ್ಲಿಕ್ಕೆ ಬರ್ತಾರೆ, ಬಂದ್ರೆ ಇದನ್ನು ತೋರಿಸಿ ಅಂತ ಹೇಳಿದ್ರು. ಮತ್ತೆ ನೀವು ಬರ್ಲೇ ಇಲ್ಲ."

"ಇಲ್ಲ."

"ಕೊಂಡು ಹೋಗ್ತೀರಾ, ಬಿಸಾಡುದಾ?"

ಹೊರಗೆ ಆಟೋದವನು ಹಾರ್ನ್ ಹಾಕುತ್ತಿದ್ದ. ನಾನು ಅವನ ಅಕ್ಷರ ಹೇಳಿದ ಜಾಗದಲ್ಲಿ, ಅಚ್ಚಿನ ಬುಡದ ಕಡೆಗೆ ಹೋಗಿ ನಿಂತೆ. ಅಲ್ಲಿಂದ ನೋಡುವಾಗ ಹೌದು, ಹಾಗೆಯೇ ಇತ್ತು. ಒಂದು ಅಂಚನ್ನು ಮೆಲ್ಲ ಎತ್ತಿದೆ. ನೀರು ತುದಿಯ ಓರೆಗೆ ಹೋಗಿ, ಒಮ್ಮೆ ತಿರುಚಿಕೊಂಡು, ಎಲ್ಲವೂ ಹರಿದು ಹೋಯಿತು.